ಫ್ಲೇವನಾಯ್ಡ್ ಕ್ಯಾಪ್ಸೂಲ್‌ಗಳು: ಬಾಟಲಿಯಲ್ಲಿರುವುದರಲ್ಲಿ ರಕ್ತಕ್ಕೆ ತಲುಪುವುದೆಷ್ಟು?

ಸಕ್ಕರೆ ಕಾಯಿಲೆಗೆಂದು ಮಾರುವ ಸಸ್ಯಮೂಲದ ಕ್ಯಾಪ್ಸೂಲ್‌ಗಳಲ್ಲಿ ಹಲವಕ್ಕೆ ಫ್ಲೇವನಾಯ್ಡ್‌ಗಳೇ ಬಂಡವಾಳ. ಹೆಸರುಗಳು ಬೇರೆ ಬೇರೆ: ಕ್ವೆರ್ಸೆಟಿನ್, ರುಟಿನ್, ಹಸಿರು ಚಹಾ ಸಾರ, ಬಿಲ್‌ಬೆರಿ, ಸಿಟ್ರಸ್ ಬಯೋಫ್ಲೇವನಾಯ್ಡ್, ಸಿಲಿಮರಿನ್. ರಾಸಾಯನಿಕವಾಗಿ ಇವೆಲ್ಲ ಹೆಚ್ಚುಕಡಿಮೆ ಒಂದೇ ಮನೆತನದವು. 15 ಇಂಗಾಲದ ಪರಮಾಣುಗಳ ಅದೇ ಚೌಕಟ್ಟು, ಅದರ ಮೇಲೆ ಬೇರೆ ಬೇರೆ ಅಲಂಕಾರ. ಆದರೆ ಹೊಟ್ಟೆಗೆ ಹೋದ ಮೇಲೆ ಒಂದೊಂದರದೂ ಒಂದೊಂದು ಗತಿ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಇವುಗಳಲ್ಲಿ ಯಾವುದೂ ಮೆಟ್‌ಫಾರ್ಮಿನ್ ಜಾಗದಲ್ಲಾಗಲಿ ಇನ್ಸುಲಿನ್ ಜಾಗದಲ್ಲಾಗಲಿ ನಿಲ್ಲುವುದಿಲ್ಲ. ಔಷಧಿಯ ಜೊತೆಗೆ, ವೈದ್ಯರಿಗೆ ತಿಳಿಸಿ, ಮೂರು ತಿಂಗಳ ಲೆಕ್ಕ ಇಟ್ಟು ನೋಡಬಹುದಾದವು ಎರಡು: ಶುದ್ಧೀಕರಿಸಿದ ಆಂಥೋಸಯಾನಿನ್ (ಬಿಲ್‌ಬೆರಿಯಂಥ ಹಣ್ಣುಗಳ ಬಣ್ಣದ ಅಣು) ಮತ್ತು ಸಿಲಿಮರಿನ್ (ಮಿಲ್ಕ್ ಥಿಸಲ್ ಗಿಡದ ಬೀಜದ ಸಾರ). ಸಾದಾ ಕ್ವೆರ್ಸೆಟಿನ್‌ಗೆ ಅದರ ಹೆಸರಿಗೆ ತಕ್ಕ ಪುರಾವೆ ಇಲ್ಲ. ಹತ್ತಾರು ಸಾರಗಳನ್ನು ಬೆರೆಸಿದ 'ಶುಗರ್ ಕಂಟ್ರೋಲ್' ಮಿಶ್ರಣಗಳನ್ನು ಕೊಳ್ಳಲೇಬಾರದು.

ಲೇಬಲ್ ಮೇಲಿನ 500

ಕ್ವೆರ್ಸೆಟಿನ್ ಪುಡಿ ಸಾಮಾನ್ಯವಾಗಿ ಡೈಹೈಡ್ರೇಟ್ ರೂಪದಲ್ಲಿ ಬರುತ್ತದೆ. ಎಂದರೆ ಪ್ರತಿ ಅಣುವಿಗೂ ಎರಡು ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ನೀರಿನ ಸಮೇತ ಅಣುತೂಕ 338, ನೀರು ಕಳೆದರೆ 302. ಹಾಗಾಗಿ '500 ಮಿ.ಗ್ರಾಂ ಕ್ವೆರ್ಸೆಟಿನ್ ಡೈಹೈಡ್ರೇಟ್' ಎಂದಿದ್ದರೆ ಒಳಗಿರುವ ಕ್ವೆರ್ಸೆಟಿನ್ 447 ಮಿ.ಗ್ರಾಂ. ಇದು ದೊಡ್ಡ ಮೋಸವೇನಲ್ಲ. ದೊಡ್ಡ ವ್ಯತ್ಯಾಸ ಬರುವುದು ರುಟಿನ್‌ನಲ್ಲಿ. ರುಟಿನ್ ಎಂದರೆ ಎರಡು ಸಕ್ಕರೆಗಳ ಮೂಟೆ ಹೊತ್ತ ಕ್ವೆರ್ಸೆಟಿನ್. ಅಣುತೂಕ 610. 500 ಮಿ.ಗ್ರಾಂ ರುಟಿನ್‌ನಿಂದ ಹೆಚ್ಚೆಂದರೆ 248 ಮಿ.ಗ್ರಾಂ ಕ್ವೆರ್ಸೆಟಿನ್ ಹೊರಬರಬಹುದು. 'ಕ್ವೆರ್ಸೆಟಿನ್ ಕಾಂಪ್ಲೆಕ್ಸ್' ಎಂದು ದಪ್ಪಕ್ಷರದಲ್ಲಿ ಬರೆದು, ಹಿಂಬದಿಯ ಸಣ್ಣಕ್ಷರದಲ್ಲಿ ರುಟಿನ್ ಸೇರಿಸಿ ತೂಕ ತೋರಿಸಿದ್ದರೆ ಈ ಲೆಕ್ಕ ನೆನಪಿರಲಿ. ಲೆಸಿಥಿನ್ ಜೊತೆ ಬೆಸೆದ ಫೈಟೋಸೋಮ್ ರೂಪದಲ್ಲೂ ಲೇಬಲ್‌ನ ತೂಕದಲ್ಲಿ ದೊಡ್ಡ ಪಾಲು ಲೆಸಿಥಿನ್‌ದೇ.

ಇನ್ನು 'ಒಟ್ಟು ಫ್ಲೇವನಾಯ್ಡ್ ಶೇ 40, ಯುವಿ ವಿಧಾನ' ಎಂಬ ಸಾಲು. ಅಲ್ಯೂಮಿನಿಯಂ ಕ್ಲೋರೈಡ್ ಹಾಕಿ, ಮೂಡುವ ಹಳದಿ ಬಣ್ಣವನ್ನು 415 ನ್ಯಾನೋಮೀಟರ್ ಆಸುಪಾಸಿನಲ್ಲಿ ಅಳೆದು 'ಇಷ್ಟು ಕ್ವೆರ್ಸೆಟಿನ್‌ಗೆ ಸಮ' ಎನ್ನುವ ಅಗ್ಗದ ವಿಧಾನ ಅದು. ಕ್ವೆರ್ಸೆಟಿನ್‌ನಂಥ ಫ್ಲೇವೊನಾಲ್‌ಗಳಿಗೆ ಚೆನ್ನಾಗಿ ಬಣ್ಣ ಬರುತ್ತದೆ. ಸಿಟ್ರಸ್ ಹಣ್ಣಿನ ಫ್ಲೇವನೋನ್‌ಗಳಿಗೆ ಆ ತರಂಗದಲ್ಲಿ ಹೆಚ್ಚೇನೂ ಬರುವುದಿಲ್ಲ. ಹೀಗಾಗಿ ಅಂಕಿ ಎರಡೂ ಕಡೆಗೆ ತಪ್ಪಬಹುದು. ಫೋಲಿನ್ ವಿಧಾನ ಇನ್ನೂ ಒರಟು, ವಿಟಮಿನ್ ಸಿ ಇದ್ದರೆ ಅದನ್ನೂ ಎಣಿಸಿಬಿಡುತ್ತದೆ. ಎಚ್‌ಪಿಎಲ್‌ಸಿ (ಅಣುಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ವಿಧಾನ) ಎಂದು ಬರೆದು, ಪ್ರತಿ ಘಟಕದ ಹೆಸರನ್ನೂ ಮಿಲಿಗ್ರಾಂ ಅನ್ನೂ ಬೇರೆ ಬೇರೆ ಕೊಟ್ಟ ಲೇಬಲ್ ಮಾತ್ರ ಓದಲು ಯೋಗ್ಯ.

ಕಲಬೆರಕೆಯಲ್ಲಿ ಹೆಚ್ಚು ಪೆಟ್ಟು ತಿಂದಿರುವುದು ಬಿಲ್‌ಬೆರಿ. ಕಡುಗೆಂಪು ಸಿಂಥೆಟಿಕ್ ಬಣ್ಣ ಅಮರಾಂತ್ ಬೆರೆಸಿದ ಸಾರ ಹಿಂದೆ ಸಿಕ್ಕಿಬಿದ್ದಿದೆ. ಸಾದಾ ಯುವಿ ಅಳತೆಯಲ್ಲಿ ಅದು ಒಳ್ಳೆಯ ಬಿಲ್‌ಬೆರಿಯಂತೆಯೇ ಕಂಡಿತ್ತು. ನಿಜವಾದ ಬಿಲ್‌ಬೆರಿಯಲ್ಲಿ 15 ಆಂಥೋಸಯಾನಿನ್‌ಗಳಿರುತ್ತವೆ, ಐದು ಬಣ್ಣದ ಅಣುಗಳಿಗೆ ಮೂರು ಬಗೆಯ ಸಕ್ಕರೆ. ಎಚ್‌ಪಿಎಲ್‌ಸಿಯಲ್ಲಿ ಈ ಹದಿನೈದು ಶಿಖರಗಳ ಸಾಲು ಬೆರಳಚ್ಚಿನಷ್ಟು ಖಚಿತ. ಮನೆಯಲ್ಲೂ ಒಂದು ಒರಟು ಪರೀಕ್ಷೆ ಮಾಡಬಹುದು: ಕ್ಯಾಪ್ಸೂಲ್ ಬಿಡಿಸಿ ಪುಡಿಯನ್ನು ಎರಡು ಲೋಟ ನೀರಿಗೆ ಹಾಕಿ, ಒಂದಕ್ಕೆ ವಿನೆಗರ್, ಇನ್ನೊಂದಕ್ಕೆ ಅಡುಗೆ ಸೋಡಾ ಸೇರಿಸಿ. ಆಂಥೋಸಯಾನಿನ್ ಹುಳಿಯಲ್ಲಿ ಕೆಂಪಾಗುತ್ತದೆ, ಸೋಡಾದಲ್ಲಿ ನೀಲಿ ಅಥವಾ ಹಸಿರುನೀಲಿಗೆ ತಿರುಗುತ್ತದೆ. ಎರಡು ಲೋಟದಲ್ಲೂ ಒಂದೇ ಕೆಂಪು ಉಳಿದರೆ ಬಾಟಲಿ ವಾಪಸ್. ಬೇರೆ ಅಗ್ಗದ ಹಣ್ಣಿನ ಬಣ್ಣ ಸೇರಿಸಿದ್ದರೆ ಮಾತ್ರ ಈ ಪರೀಕ್ಷೆಗೆ ಸಿಗುವುದಿಲ್ಲ, ಅದರಲ್ಲಿರುವುದೂ ಆಂಥೋಸಯಾನಿನ್ನೇ. ಕ್ವೆರ್ಸೆಟಿನ್‌ಗೆ ಇಂಥ ಪರೀಕ್ಷೆ ನಡೆಯುವುದಿಲ್ಲ. ಸೋಡಾಕ್ಕೆ ಅದೂ ರುಟಿನ್ನೂ ಒಂದೇ ತರಹ ಗಾಢ ಹಳದಿಯಾಗುತ್ತವೆ.

ಕೈಗೆ ಬಂದ ತುತ್ತು

ಲೇಬಲ್ ಸತ್ಯವೇ ಇದೆ ಎಂದುಕೊಳ್ಳೋಣ. ನುಂಗಿದ ಮೇಲೆ? ಸಾದಾ ಕ್ವೆರ್ಸೆಟಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಕೊಬ್ಬಿನಂಶ ಇರುವ ಊಟದ ಜೊತೆ ತೆಗೆದುಕೊಂಡರೆ ಸ್ವಲ್ಪ ಮೇಲು, ಬರಿಹೊಟ್ಟೆಯಲ್ಲಿ ತೆಗೆದುಕೊಂಡರೆ ಹೆಚ್ಚಿನದು ಬಂದ ಹಾಗೇ ಹೋಗುತ್ತದೆ. ಈರುಳ್ಳಿಯಲ್ಲಿರುವುದು ಒಂದು ಗ್ಲೂಕೋಸ್ ಅಂಟಿದ ರೂಪ. ಸಣ್ಣ ಕರುಳಿನ ಗೋಡೆಯಲ್ಲಿರುವ ಕಿಣ್ವ ಆ ಗ್ಲೂಕೋಸನ್ನು ಕತ್ತರಿಸಿ ಒಳಗೆ ಬಿಡುವುದರಿಂದ ಗಂಟೆಯೊಳಗೆ ರಕ್ತದಲ್ಲಿ ಏರುತ್ತದೆ. ರುಟಿನ್‌ನ ಜೋಡಿ ಸಕ್ಕರೆಯನ್ನು ಆ ಕಿಣ್ವ ಮುಟ್ಟುವುದಿಲ್ಲ. ಅದು ದೊಡ್ಡ ಕರುಳಿನವರೆಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾ ಬಿಡಿಸಿದ ಮೇಲೆ, 6-7 ಗಂಟೆ ಕಳೆದು, ಅದೂ ಅಲ್ಪಸ್ವಲ್ಪ ಮಾತ್ರ ರಕ್ತಕ್ಕೆ ಸೇರುತ್ತದೆ.

ಸೇರಿದ್ದೂ ಕ್ವೆರ್ಸೆಟಿನ್ ಆಗಿ ಉಳಿಯುವುದಿಲ್ಲ. ಕರುಳು ಮತ್ತು ಲಿವರ್ ಅದಕ್ಕೆ ಗ್ಲುಕುರೋನಿಕ್ ಆಮ್ಲ, ಸಲ್ಫೇಟ್, ಮೀಥೈಲ್ ಗುಂಪುಗಳನ್ನು ತಗುಲಿಸಿ ಹೊರಹಾಕುವ ಸರಕನ್ನಾಗಿ ಮಾಡಿಬಿಡುತ್ತವೆ. 500 ಮಿ.ಗ್ರಾಂ ನುಂಗಿದವರ ರಕ್ತದಲ್ಲಿ ಎಲ್ಲ ರೂಪಗಳನ್ನು ಕೂಡಿಸಿದರೂ ಸಿಗುವುದು ಸಾಮಾನ್ಯವಾಗಿ 1 ಮೈಕ್ರೋಮೋಲಾರ್ ಆಸುಪಾಸು, ಅಂದರೆ ಲೀಟರಿಗೆ 0.3 ಮಿ.ಗ್ರಾಂ. ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಸುರಿಯುವುದು 10ರಿಂದ 100 ಮೈಕ್ರೋಮೋಲಾರ್, ಅದೂ ಏನೂ ಅಂಟಿರದ ಶುದ್ಧ ಕ್ವೆರ್ಸೆಟಿನ್. ಜಾಹೀರಾತು ತೋರಿಸುವುದು ಆ ಸಾಂದ್ರತೆಯ ಫಲಿತಾಂಶವನ್ನು, ಗ್ರಾಹಕನಿಗೆ ದಕ್ಕುವುದು ಈ ಸಾಂದ್ರತೆ.

'ಅಕಾರ್ಬೋಸ್‌ಗಿಂತ ಹಲವು ಪಟ್ಟು ಬಲಶಾಲಿ' ಎಂಬ ಮಾತೂ ಇದೇ ಜಾತಿಯದು. ಪಿಷ್ಟ ಒಡೆಯುವ ಆಲ್ಫಾ ಗ್ಲುಕೋಸಿಡೇಸ್ ಕಿಣ್ವವನ್ನು ತಡೆದರೆ ಊಟದ ನಂತರ ಸಕ್ಕರೆ ನಿಧಾನವಾಗಿ ಏರುತ್ತದೆ. ಅಕಾರ್ಬೋಸ್ ಮಾತ್ರೆ ಮಾಡುವುದೂ ಅದನ್ನೇ. ಆದರೆ ಬಹುತೇಕ ಪ್ರಯೋಗಗಳಲ್ಲಿ ಬಳಸುವುದು ಯೀಸ್ಟ್‌ನಿಂದ ತೆಗೆದ ಕಿಣ್ವ, ಏಕೆಂದರೆ ಅದು ಸುಲಭವಾಗಿ ಸಿಗುತ್ತದೆ. ಯೀಸ್ಟ್ ಕಿಣ್ವಕ್ಕೂ ಮನುಷ್ಯನ ಕರುಳಿನ ಕಿಣ್ವಕ್ಕೂ ಮನೆತನವೇ ಬೇರೆ. ಅಕಾರ್ಬೋಸ್ ಯೀಸ್ಟ್ ಕಿಣ್ವದ ಮೇಲೆ ಮೊದಲಿನಿಂದಲೂ ದುರ್ಬಲ. ಸೋಲುವುದು ಖಚಿತವಾದ ಕಣಕ್ಕೆ ಅದನ್ನು ಇಳಿಸಿ ಗೆದ್ದೆವು ಎನ್ನುವುದು ಯಾವ ದೊಡ್ಡಸ್ತಿಕೆ? ಜೊತೆಗೆ ಕ್ವೆರ್ಸೆಟಿನ್‌ನಂಥ ಅಣುಗಳು ನೀರಿನಲ್ಲಿ ಗುಂಪುಗಟ್ಟಿ, ಸಿಕ್ಕಿದ ಪ್ರೋಟೀನನ್ನೆಲ್ಲ ಹಿಡಿದುಕೊಂಡು 'ತಡೆ'ಯಂತೆ ಕಾಣಿಸುತ್ತವೆ. ಪರೀಕ್ಷೆಗೆ ಸ್ವಲ್ಪ ಡಿಟರ್ಜೆಂಟ್ ಸೇರಿಸಿದಾಗ ಆ ತಡೆ ಮಾಯವಾದರೆ, ಅದು ಔಷಧಿ ಗುಣವಲ್ಲ, ಬರೀ ಜಿಗುಟು.

ಇಲಿಗಳ ಪ್ರಯೋಗದಲ್ಲಿ ನೋಡಬೇಕಾದ್ದು ಎರಡೇ ಸಂಗತಿ. ಒಂದು ಪ್ರಮಾಣ: ಇಲಿಗೆ ಕೆ.ಜಿ.ಗೆ 50 ಮಿ.ಗ್ರಾಂ ಕೊಟ್ಟಿದ್ದರೆ, 6.2ರಿಂದ ಭಾಗಿಸಿ ಮನುಷ್ಯನ ತೂಕಕ್ಕೆ ಗುಣಿಸಬೇಕು, 70 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 565 ಮಿ.ಗ್ರಾಂ. ಇನ್ನೊಂದು, ಸಾರ ಕೊಟ್ಟದ್ದು ಯಾವಾಗ ಎಂಬುದು. ಸ್ಟ್ರೆಪ್ಟೋಜೋಟೋಸಿನ್ ಎಂಬ ವಿಷ ಚುಚ್ಚಿ, ಇನ್ಸುಲಿನ್ ತಯಾರಿಸುವ ಇಲಿಯ ಬೀಟಾ ಕೋಶಗಳನ್ನು ಕೊಂದು ಮಧುಮೇಹ ಬರಿಸುತ್ತಾರೆ. ಚುಚ್ಚುವುದಕ್ಕೆ ಮೊದಲೇ ಫ್ಲೇವನಾಯ್ಡ್ ಕೊಟ್ಟಿದ್ದರೆ ಅದು ವಿಷದಿಂದ ಕೋಶಗಳನ್ನು ಕಾಪಾಡಿತು ಎಂದಷ್ಟೇ ಅರ್ಥ. ಈಗಾಗಲೇ ಇರುವ ಮಧುಮೇಹ ಅದರಿಂದ ಇಳಿಯುತ್ತದೆ ಎಂದಲ್ಲ.

ಒಂದೊಂದಾಗಿ

ಕ್ವೆರ್ಸೆಟಿನ್. ಟೈಪ್ 2 ಮಧುಮೇಹದ 72 ಮಹಿಳೆಯರ ಪೈಕಿ ಒಂದು ಗುಂಪಿಗೆ ದಿನಕ್ಕೆ 500 ಮಿ.ಗ್ರಾಂನಂತೆ 10 ವಾರ ಕೊಟ್ಟ ಪ್ರಯೋಗದಲ್ಲಿ ಎದ್ದು ಕಂಡದ್ದು ಮೇಲಿನ ರಕ್ತದೊತ್ತಡದ ಇಳಿಕೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಸಕ್ಕರೆಯಲ್ಲಿ ಗಟ್ಟಿಯಾದ ಬದಲಾವಣೆ ಕಂಡಿಲ್ಲ, 500 ಮಿ.ಗ್ರಾಂ ಮತ್ತು ಅದಕ್ಕಿಂತ ಹೆಚ್ಚು, 8 ವಾರ ಮತ್ತು ಅದಕ್ಕಿಂತ ಹೆಚ್ಚು ಕೊಟ್ಟ ಗುಂಪುಗಳನ್ನು ಬೇರ್ಪಡಿಸಿದಾಗ ಮಾತ್ರ ಖಾಲಿಹೊಟ್ಟೆಯ ಸಕ್ಕರೆ ಸ್ವಲ್ಪ ಇಳಿದಂತೆ ಕಾಣುತ್ತದೆ. 250 ಮಿ.ಗ್ರಾಂ ಕ್ಯಾಪ್ಸೂಲ್ ದಿನಕ್ಕೊಂದು ಎಂದು ಬರೆದ ಬಾಟಲಿ ಆ ಮಟ್ಟಕ್ಕೂ ಬರುವುದಿಲ್ಲ. ಫೈಟೋಸೋಮ್ ರೂಪದಲ್ಲಿ ರಕ್ತದ ಮಟ್ಟ ನಿಜವಾಗಿಯೂ ಬಹಳ ಏರುತ್ತದೆ. ಆದರೆ ರಕ್ತದಲ್ಲಿ ಕ್ವೆರ್ಸೆಟಿನ್ ಏರಿದ್ದಕ್ಕೂ ಸಕ್ಕರೆ ಇಳಿದದ್ದಕ್ಕೂ ಪುರಾವೆ ಬೇರೆ ಬೇರೆಯಾಗಿಯೇ ಬೇಕು. ಮಾರುವವರು ಮೊದಲನೆಯದನ್ನು ತೋರಿಸಿ ಎರಡನೆಯದನ್ನು ನಂಬಿಸುತ್ತಾರೆ.

ಆಂಥೋಸಯಾನಿನ್. ದಿನಕ್ಕೆ ಎರಡು ಬಾರಿ 160 ಮಿ.ಗ್ರಾಂ ಶುದ್ಧ ಆಂಥೋಸಯಾನಿನ್ ಅನ್ನು 58 ಮಧುಮೇಹಿಗಳ ಪೈಕಿ ಒಂದು ಗುಂಪಿಗೆ 24 ವಾರ ಕೊಟ್ಟ 2015ರ ಪ್ರಯೋಗದಲ್ಲಿ ಖಾಲಿಹೊಟ್ಟೆಯ ಸಕ್ಕರೆ ಮತ್ತು ಇನ್ಸುಲಿನ್ ಪ್ರತಿರೋಧ ಎರಡೂ ಇಳಿದಿದ್ದವು. ಸುಮಾರು 2 ಲಕ್ಷ ಅಮೆರಿಕನ್ನರ ಆಹಾರವನ್ನು ವರ್ಷಗಟ್ಟಲೆ ಗಮನಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಫ್ಲೇವನಾಯ್ಡ್‌ಗಳ ಪೈಕಿ ಟೈಪ್ 2 ಮಧುಮೇಹದ ಅಪಾಯ ಕಡಿಮೆ ಇರುವುದರ ಜೊತೆ ಸ್ಪಷ್ಟವಾಗಿ ತಳುಕು ಹಾಕಿಕೊಂಡದ್ದು ಆಂಥೋಸಯಾನಿನ್. ಈ ಪಟ್ಟಿಯಲ್ಲಿ ಇದೇ ವಾಸಿ. ತೊಡಕು ಪ್ರಮಾಣದಲ್ಲಿದೆ: ಶೇ 36ರ ಬಿಲ್‌ಬೆರಿ ಸಾರವಾದರೆ 320 ಮಿ.ಗ್ರಾಂ ಆಂಥೋಸಯಾನಿನ್‌ಗೆ ಸುಮಾರು 890 ಮಿ.ಗ್ರಾಂ ಸಾರ ಬೇಕು. 80 ಮಿ.ಗ್ರಾಂ ಸಾರದ ಕ್ಯಾಪ್ಸೂಲ್‌ನಲ್ಲಿ ಸಿಗುವುದು 29 ಮಿ.ಗ್ರಾಂ ಮಾತ್ರ. ಬೆಳಕು, ಶಾಖ, ತೇವ ಮೂರೂ ಇದಕ್ಕೆ ಶತ್ರು. ಪಾರದರ್ಶಕ ಬಾಟಲಿಯಲ್ಲಿ ಬಂದದ್ದು ಬೇಡ.

ಸಿಲಿಮರಿನ್. ಹಾಲುಗಳ್ಳಿ ಎಂದು ತಪ್ಪಾಗಿ ಅನುವಾದಿಸಿದ ಲೇಬಲ್ ಕಂಡರೂ ಕಂಡೀತು. ಇದು ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡದ ಬೀಜದ್ದು, ಫ್ಲೇವನಾಯ್ಡ್‌ಗೆ ಲಿಗ್ನಾನ್ ಬೆಸೆದ ಅಣುಗಳ ಗುಂಪು. 2006ರ ಒಂದು ಪ್ರಯೋಗದಲ್ಲಿ 51 ಜನರಿದ್ದರು; ಮಾಮೂಲಿ ಮಾತ್ರೆಗಳ ಜೊತೆಗೆ 200 ಮಿ.ಗ್ರಾಂ ಸಿಲಿಮರಿನ್ ಅನ್ನು ದಿನಕ್ಕೆ ಮೂರು ಬಾರಿ, 4 ತಿಂಗಳು ತೆಗೆದುಕೊಂಡವರಲ್ಲಿ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಶೇಕಡಾ ಅಂಕಿ) ಸರಾಸರಿ ಸುಮಾರು 1 ಶೇಕಡಾ ಅಂಶದಷ್ಟು ಇಳಿಯಿತು. ಅಂಕಿ ಆಕರ್ಷಕ, ಆದರೆ 51 ಜನ ಎಂಬುದು ಬಹಳ ಸಣ್ಣ ಸಂಖ್ಯೆ. ಕೊಳ್ಳುವಾಗ 'ಬೀಜದ ಪುಡಿ' ಮತ್ತು 'ಸಿಲಿಮರಿನ್ ಶೇ 70–80ರ ಸಾರ' ಇವೆರಡನ್ನೂ ಒಂದೇ ಎಂದುಕೊಳ್ಳಬೇಡಿ.

ಹಸಿರು ಚಹಾ ಸಾರ. ಸಕ್ಕರೆಗೆ ಲಾಭ ಅಲ್ಪ, ಲಿವರ್‌ಗೆ ಅಪಾಯ ನಿಜ. ಇಲ್ಲಿನ ಮುಖ್ಯ ಅಣು ಇಜಿಸಿಜಿ. ದಿನಕ್ಕೆ 800 ಮಿ.ಗ್ರಾಂ ಮತ್ತು ಅದಕ್ಕಿಂತ ಹೆಚ್ಚು ಇಜಿಸಿಜಿ ಪೂರಕವಾಗಿ ತೆಗೆದುಕೊಂಡವರಲ್ಲಿ ಲಿವರ್ ಕಿಣ್ವಗಳು ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. 2022ರಲ್ಲಿ ಯುರೋಪಿಯನ್ ಒಕ್ಕೂಟ ಅದಕ್ಕಿಂತ ಕಡಿಮೆ ಇರಲೇಬೇಕೆಂದು ಕಾನೂನು ಮಾಡಿ, ಖಾಲಿಹೊಟ್ಟೆಯಲ್ಲಿ ಬೇಡ ಎಂಬ ಎಚ್ಚರಿಕೆಯನ್ನೂ ಕಡ್ಡಾಯ ಮಾಡಿತು. ಖಾಲಿಹೊಟ್ಟೆಯಲ್ಲಿ ಇಜಿಸಿಜಿ ಮೂರು ಪಟ್ಟಿಗೂ ಮೀರಿ ರಕ್ತಕ್ಕೆ ಏರುತ್ತದೆ, ಲಿವರ್‌ಗೆ ಪೆಟ್ಟು ಬೀಳುವುದೂ ಅಲ್ಲೇ. ಲೇಬಲ್ 'ಸಾರ 1000 ಮಿ.ಗ್ರಾಂ' ಎಂದಷ್ಟೇ ಹೇಳಿ ಇಜಿಸಿಜಿ ಎಷ್ಟೆಂದು ಬಾಯಿಬಿಡದಿದ್ದರೆ ಅಲ್ಲಿಗೇ ಬಿಡಿ.

ಕೋಕೋ ಫ್ಲೇವನಾಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಾಸ್ಮಾಸ್ ಎಂಬ ಪ್ರಯೋಗದಲ್ಲಿ 21,442 ಜನರನ್ನು ಸೇರಿಸಿಕೊಂಡು, ದಿನಕ್ಕೆ 500 ಮಿ.ಗ್ರಾಂ ಕೋಕೋ ಫ್ಲೇವನಾಲ್ ಅಥವಾ ಖಾಲಿ ಕ್ಯಾಪ್ಸೂಲ್ ಕೊಟ್ಟು ಸರಾಸರಿ 3.6 ವರ್ಷ ನೋಡಿದರು. ಹೊಸದಾಗಿ ಮಧುಮೇಹ ಬರುವುದು ಕಡಿಮೆಯಾಗಲಿಲ್ಲ.

ಬೆರ್ಬೆರಿನ್ ಇದೇ ಕಪಾಟಿನಲ್ಲಿ ಕೂತಿರುತ್ತದೆ, ಆದರೆ ಅದು ಫ್ಲೇವನಾಯ್ಡ್ ಅಲ್ಲ, ಆಲ್ಕಲಾಯ್ಡ್. ಅದರ ಲಾಭ-ನಷ್ಟದ ಲೆಕ್ಕವೇ ಬೇರೆ.

ಗೆದ್ದ ಫ್ಲೇವನಾಯ್ಡ್ ಒಂದಿದೆ, ಅದು ಕ್ಯಾಪ್ಸೂಲ್‌ನಲ್ಲಿ ಇಲ್ಲ

1835ರಲ್ಲಿ ಸೇಬಿನ ಮರದ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ವಸ್ತುವನ್ನು ಬೇರ್ಪಡಿಸಿದರು. ಇದೂ ಫ್ಲೇವನಾಯ್ಡ್ ಬಳಗದ್ದೇ. 1886ರಲ್ಲಿ ವಾನ್ ಮೆರಿಂಗ್ ಇದನ್ನು ಕೊಟ್ಟಾಗ ಮೂತ್ರದಲ್ಲಿ ಸಕ್ಕರೆ ಹೋಗುವುದನ್ನು ತೋರಿಸಿದ. ಮೂತ್ರಪಿಂಡ ಸೋಸಿದ ಗ್ಲೂಕೋಸನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುವ ಸಾಗಣೆ ಪ್ರೋಟೀನ್‌ಗಳನ್ನು ಅದು ತಡೆಯುತ್ತದೆ. ಆದರೆ ಬಾಯಿಂದ ಕೊಟ್ಟರೆ, ಮೇಲೆ ಹೇಳಿದ ಅದೇ ಕರುಳಿನ ಕಿಣ್ವ ಅದರ ಗ್ಲೂಕೋಸನ್ನು ಕತ್ತರಿಸಿ ಕೆಲಸ ಕೆಡಿಸುತ್ತದೆ. ಈ ಕಿಣ್ವದ ಹೆಸರಿನಲ್ಲೇ ಫ್ಲೋರಿಜಿನ್ ಸೇರಿಕೊಂಡಿದೆ ಎಂದರೆ ನಂಟು ಎಷ್ಟು ಹಳೆಯದು ನೋಡಿ. ಕರುಳಿನಲ್ಲೂ ಗ್ಲೂಕೋಸ್ ಹೀರುವಿಕೆ ತಡೆಯುವುದರಿಂದ ಹೊಟ್ಟೆ ಕೆಡುವ ತೊಂದರೆ ಬೇರೆ.

ರಸಾಯನಶಾಸ್ತ್ರಜ್ಞರು ಮಾಡಿದ ತಿದ್ದುಪಡಿ ಚಿಕ್ಕದಾಗಿ ಕಾಣುತ್ತದೆ. ಗ್ಲೂಕೋಸನ್ನು ಆಮ್ಲಜನಕದ ಕೊಂಡಿಯ ಬದಲು ನೇರ ಇಂಗಾಲದ ಕೊಂಡಿಯಿಂದ ಕಟ್ಟಿದರು, ಕಿಣ್ವಕ್ಕೆ ಕತ್ತರಿಸಲಾಗದಂತೆ. ಅಣುವಿನ ಉಳಿದ ಭಾಗವನ್ನು ಮೂತ್ರಪಿಂಡದ ಎಸ್‌ಜಿಎಲ್‌ಟಿ2 ಪ್ರೋಟೀನಿಗೇ ಹೊಂದುವಂತೆ ಬದಲಿಸಿದರು. ಅದೇ ಡಾಪಾಗ್ಲಿಫ್ಲೋಜಿನ್, 2012ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆದದ್ದು. ಬೆನ್ನಿಗೇ ಕ್ಯಾನಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬಂದವು. ಡಾಪಾಗ್ಲಿಫ್ಲೋಜಿನ್ ದಿನಕ್ಕೆ 10 ಮಿ.ಗ್ರಾಂ ಸಾಕು. ಹೃದಯ ಮತ್ತು ಮೂತ್ರಪಿಂಡಗಳಿಗೂ ಲಾಭ ಸಾಬೀತಾಗಿದೆ. 500 ಮಿ.ಗ್ರಾಂ ಕ್ವೆರ್ಸೆಟಿನ್ ಬಾಟಲಿಯ ಪಕ್ಕದಲ್ಲಿ ಈ 10 ಮಿ.ಗ್ರಾಂ ಮಾತ್ರೆಯನ್ನು ಇಟ್ಟು ನೋಡಬೇಕು.

ಇದೇ ದಾರಿಯಲ್ಲಿರುವ ಇನ್ನೊಂದು ಮಾಂಟ್‌ಬ್ರೆಟಿನ್ ಎ. ಮಾಂಟ್‌ಬ್ರೆಷಿಯಾ ಎಂಬ ಹೂಗಿಡದ ಗೆಡ್ಡೆಯಲ್ಲಿರುವ ಈ ಅಣು ಮನುಷ್ಯನ ಮೇದೋಜೀರಕದ ಅಮೈಲೇಸ್ ಕಿಣ್ವವನ್ನು 8 ನ್ಯಾನೋಮೋಲಾರ್ (ಒಂದು ಮೈಕ್ರೋಮೋಲಾರ್ ಎಂದರೆ 1000 ನ್ಯಾನೋಮೋಲಾರ್) ಮಟ್ಟದಲ್ಲೇ ತಡೆಯುತ್ತದೆ. ಇದರ ಕೆಲಸವೆಲ್ಲ ಕರುಳಿನೊಳಗೇ ಮುಗಿಯುವುದರಿಂದ ರಕ್ತಕ್ಕೆ ತಲುಪದಿರುವುದು ಇಲ್ಲಿ ದೋಷವಲ್ಲ, ಗುಣ.

ಬೆರೆಸಬಾರದವು

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಕ್ವೆರ್ಸೆಟಿನ್ ಮುಟ್ಟದಿರುವುದೇ ಒಳ್ಳೆಯದು. ಅಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್‌ಗೂ ಇದೇ ಮಾತು. ಹಸಿರು ಚಹಾ, ನಾಡೋಲಾಲ್ ಎಂಬ ರಕ್ತದೊತ್ತಡದ ಮಾತ್ರೆಯ ಹೀರುವಿಕೆಯನ್ನು ಶೇ 85ರಷ್ಟು ತಗ್ಗಿಸಿದ್ದು 2014ರಲ್ಲಿ ಕಂಡುಬಂದಿದೆ. ಗ್ರೇಪ್‌ಫ್ರೂಟ್ ಇರುವ ಸಿಟ್ರಸ್ ಮಿಶ್ರಣದಲ್ಲಿ ಫ್ಯೂರನೋಕೂಮರಿನ್ ಎಂಬ ವಸ್ತುಗಳು ಉಳಿದಿದ್ದರೆ ಕೊಲೆಸ್ಟರಾಲ್ ಮಾತ್ರೆಗಳಾದ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ಮಟ್ಟ ರಕ್ತದಲ್ಲಿ ಏರಿ ಸ್ನಾಯು ನೋವು ತರಬಹುದು. ಸೋಯಾ ಐಸೋಫ್ಲೇವನ್ ಇದ್ದರೆ ಥೈರಾಯ್ಡ್ ಮಾತ್ರೆಗೂ ಅದಕ್ಕೂ ಕನಿಷ್ಠ 4 ಗಂಟೆ ಅಂತರ ಇರಲಿ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಇವು ಬೇಡ.

ಇನ್ನೊಂದು ಅಪಾಯ ಫ್ಲೇವನಾಯ್ಡ್‌ದಲ್ಲ. 'ಸಂಪೂರ್ಣ ನೈಸರ್ಗಿಕ' ಮಧುಮೇಹ ಕ್ಯಾಪ್ಸೂಲ್‌ಗಳಲ್ಲಿ ಲೇಬಲ್‌ನಲ್ಲಿ ಹೇಳದ ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಇಳಿಸುವ ಔಷಧಿಗಳು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಸಿಕ್ಕಿವೆ. ಗುರುತಿಸಲು ಒಂದು ಸೂಚನೆ ವೇಗ. ಯಾವ ಫ್ಲೇವನಾಯ್ಡ್ ಕೂಡ ಎರಡೇ ದಿನದಲ್ಲಿ ಸಕ್ಕರೆಯನ್ನು 220ರಿಂದ 120ಕ್ಕೆ ಇಳಿಸುವುದಿಲ್ಲ. ಹಾಗೇನಾದರೂ ಇಳಿದು, ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ಗ್ಲೂಕೋಸ್ ತೆಗೆದುಕೊಂಡು ಆಸ್ಪತ್ರೆಗೆ ಹೋಗಬೇಕು, ಬಾಟಲಿ ಸಮೇತ. ಗ್ಲಿಬೆನ್‌ಕ್ಲಮೈಡ್‌ನ ಪರಿಣಾಮ ದಿನವಿಡೀ ಇರುವುದರಿಂದ ಒಮ್ಮೆ ಸುಧಾರಿಸಿದ ಮೇಲೂ ಸಕ್ಕರೆ ಮತ್ತೆ ಕುಸಿಯಬಹುದು.

ನೋಡಲೇಬೇಕೆಂದರೆ ಹೀಗೆ

ಮೊದಲ ದಿನವೇ ಎಚ್‌ಬಿಎ1ಸಿ, ಖಾಲಿಹೊಟ್ಟೆಯ ಸಕ್ಕರೆ, ಎಎಲ್‌ಟಿ (ಲಿವರ್ ಕಿಣ್ವ), ಕ್ರಿಯಾಟಿನಿನ್ (ಮೂತ್ರಪಿಂಡದ ಸೂಚಕ), ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಒಂದೇ ಉತ್ಪನ್ನ, 12 ವಾರ. ಆ ಅವಧಿಯಲ್ಲಿ ಮಾತ್ರೆಯ ಪ್ರಮಾಣವನ್ನಾಗಲಿ ಊಟ, ನಡಿಗೆಯನ್ನಾಗಲಿ ಬದಲಿಸಬೇಡಿ. ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಎಂಟು ವಾರಕ್ಕೇ ಎಚ್‌ಬಿಎ1ಸಿ ಮಾಡಿಸಿದರೆ ಹಳೆಯ ಕೆಂಪು ರಕ್ತಕಣಗಳ ನೆರಳು ಇನ್ನೂ ಅದರಲ್ಲಿರುತ್ತದೆ. ಅದೇ ಪ್ರಯೋಗಾಲಯ, ಅದೇ ವಿಧಾನ ಇರಲಿ.

ಮನೆಯ ಗ್ಲೂಕೋಮೀಟರನ್ನು ಅತಿಯಾಗಿ ನಂಬಬೇಡಿ. ಐಎಸ್‌ಒ 15197 ಮಾನದಂಡದ ಪ್ರಕಾರ 100ಕ್ಕಿಂತ ಮೇಲಿನ ಅಂಕಿಗಳಲ್ಲಿ ಶೇ 15ರ ಏರುಪೇರಿಗೆ ಅವಕಾಶವಿದೆ. ನಿಜವಾದ ಮಟ್ಟ 140 ಇದ್ದರೆ ಮೀಟರ್ 119ರಿಂದ 161ರವರೆಗೆ ಏನನ್ನಾದರೂ ತೋರಿಸಬಹುದು. ವಾರಕ್ಕೆ ಮೂರು ದಿನ, ಒಂದೇ ಹೊತ್ತಿನಲ್ಲಿ ಅಳೆದು ಸರಾಸರಿ ಬರೆದಿಡಿ. ಅನೇಕ ಕ್ವೆರ್ಸೆಟಿನ್ ಕ್ಯಾಪ್ಸೂಲ್‌ಗಳಲ್ಲಿ ವಿಟಮಿನ್ ಸಿ ಸೇರಿಸಿರುತ್ತಾರೆ. ದಿನಕ್ಕೆ 500 ಮಿ.ಗ್ರಾಂ ಮೀರಿದ ವಿಟಮಿನ್ ಸಿ ಕೆಲವು ತೋಳಿನ ಸೆನ್ಸರ್‌ಗಳಲ್ಲಿ ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹಸಿರು ಚಹಾ ಸಾರ ಕಬ್ಬಿಣದ ಹೀರುವಿಕೆಯನ್ನು ತಡೆಯುತ್ತದೆ, ಕಬ್ಬಿಣ ಕಡಿಮೆಯಾದರೆ ಎಚ್‌ಬಿಎ1ಸಿ ಸುಳ್ಳೇ ಏರುತ್ತದೆ. ಹಿಮೋಗ್ಲೋಬಿನ್ ಪರೀಕ್ಷೆ ಪಟ್ಟಿಯಲ್ಲಿರುವುದು ಅದಕ್ಕೇ.

ಎಎಲ್‌ಟಿ ಮಾಮೂಲಿ ಮಿತಿಯ ಮೂರು ಪಟ್ಟು ದಾಟಿದರೆ, ಅಥವಾ ಮೂತ್ರ ಕಡುಬಣ್ಣಕ್ಕೆ ತಿರುಗಿ ಕಣ್ಣು ಹಳದಿಯಾದರೆ, 12 ವಾರ ತುಂಬುವವರೆಗೆ ಕಾಯದೆ ಅಂದೇ ನಿಲ್ಲಿಸಿ. ಎಚ್‌ಬಿಎ1ಸಿ 0.5 ಅಂಶಕ್ಕಿಂತ ಕಡಿಮೆ ಇಳಿದಿದ್ದರೆ ಅದನ್ನು ಲಾಭವೆಂದು ಎಣಿಸಬೇಡಿ, ಅಳತೆಯ ಏರುಪೇರೇ ಅದರಲ್ಲಿ ಒಂದು ಪಾಲು. ಹೆಚ್ಚು ಇಳಿದಿದ್ದರೂ ಇನ್ನೊಂದು ಸಾಧ್ಯತೆ ಇದೆ: ಜನ ಇಂಥ ಬಾಟಲಿ ಕೊಳ್ಳುವುದು ಸಕ್ಕರೆ ತೀರಾ ಏರಿದ ತಿಂಗಳಲ್ಲಿ, ಅಲ್ಲಿಂದ ಅದು ತಾನಾಗಿಯೇ ಕೆಳಗೆ ಬರುವುದೂ ಉಂಟು. ಕ್ಯಾಪ್ಸೂಲ್ ನಿಲ್ಲಿಸಿ ಮತ್ತೆ 12 ವಾರ ಬಿಟ್ಟು ಅದೇ ಪ್ರಯೋಗಾಲಯದಲ್ಲಿ ಇನ್ನೊಮ್ಮೆ ಎಚ್‌ಬಿಎ1ಸಿ ಮಾಡಿಸಿ. ಅಂಕಿ ಮೇಲಕ್ಕೆ ಹೋಗದೆ ಅಲ್ಲೇ ಉಳಿದಿದ್ದರೆ, ಇಳಿಸಿದ್ದು ಆ ಬಾಟಲಿಯಲ್ಲ.